ಗೋಣಿಕೊಪ್ಪದ ಕಾಫಿ ಬಿಲ್ಲು, ನನ್ನ ಓವರ್‌ರೈಡಿಂಗ್ ಒದ್ದಾಟ

"ಐದು ಇಫ್-ಎಲ್ಸ್ ಹಾಕಿ ಮುಗಿಸು ಮಾರಾಯ, ಅಂಗಡಿ ಬಿಲ್ಲಿಗೆಲ್ಲ ಪಾಲಿಮಾರ್ಫಿಸಂ ಯಾಕೆ" ಅಂತ ಬೆಂಗಳೂರಲ್ಲಿರೋ ಗೆಳೆಯ ನಕ್ಕಿದ್ದ. ಇಫ್-ಎಲ್ಸ್ ಅಂದ್ರೆ ಹಿಂಗಿದ್ರೆ ಇದು, ಇಲ್ದಿದ್ರೆ ಅದು ಅನ್ನೋ ಕೋಡ್ ಸಾಲು; ಪಾಲಿಮಾರ್ಫಿಸಂ ಅಂದ್ರೆ ಒಂದೇ ಹೆಸರಿನ ಲೆಕ್ಕ ಸರಕಿಗೆ ತಕ್ಕಂಗೆ ಬೇರೆ ಬೇರೆ ಥರ ಓಡೋದು. ಗೋಣಿಕೊಪ್ಪದ ಒಬ್ರು ಕಾಫಿ ವ್ಯಾಪಾರಿಗೆ ಜಾವಾ ಪ್ರೋಗ್ರಾಮಿಂಗ್ ಭಾಷೇಲಿ ಖರೀದಿ ಬಿಲ್ ಮಾಡ್ಕೊಡೋ ಕೆಲಸ, ಮಾತಾಡಿದ್ದು 35 ಸಾವಿರ. ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) 50 ಕೆಜಿ ಚೀಲದ ಲೆಕ್ಕ, ರೋಬಸ್ಟಾ ಚೆರ್ರಿಗೆ (ಸಿಪ್ಪೆ ಸಮೇತ ಒಣಗಿಸಿದ್ದು) ಓಟಿ ಲೆಕ್ಕ, ಅಂದ್ರೆ ಔಟ್‌ಟರ್ನ್, 50 ಕೆಜಿ ಚೀಲದಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತೆ ಅಂತ, ಕರಿಮೆಣಸಿಗೆ ಕೆಜಿ ಲೆಕ್ಕ. ಇಷ್ಟಿದ್ಮೇಲೆ ಸರಕು ಅಂತೊಂದು ಪೇರೆಂಟ್ ಕ್ಲಾಸ್ (ಎಲ್ಲ ಸರಕಿಗೂ ತಾಯಿ ಅಚ್ಚು), ಅದ್ರಲ್ಲಿ ಬೆಲೆ ಅಂತ ಮೆಥಡ್ (ಲೆಕ್ಕ ಮಾಡೋ ತುಣುಕು), ಉಳಿದವು ತಂತಮ್ಮ ಲೆಕ್ಕ ಓವರ್‌ರೈಡ್ ಮಾಡ್ಕೊಳ್ಲಿ, ಅಂದ್ರೆ ಪೇರೆಂಟಿನ ಲೆಕ್ಕದ ಬದಲು ತಮ್ಮದನ್ನ ಬರ್ಕೊಳ್ಲಿ ಅಂತ ಶುರು ಮಾಡ್ದೆ.

ಮೊದಲ ದಿನವೇ ಮಾನ ಹೋಯ್ತು. ಪೇರೆಂಟ್ ಕನ್‌ಸ್ಟ್ರಕ್ಟರ್ (ಹೊಸ ಸರಕು ಹುಟ್ಟುವಾಗ ಓಡೋ ಕೋಡ್) ಒಳಗಿಂದ ಬೆಲೆ ಮೆಥಡ್ ಕರೆದಿದ್ದೆ, ಓಡಿದ್ದು ಚೆರ್ರಿಯದ್ದೇ, ಆದ್ರೆ ಆಗಿನ್ನೂ ಚೆರ್ರಿಯ ಓಟಿ ತುಂಬಿರ್ಲಿಲ್ಲ, ಸೊನ್ನೆ. ಬಿಲ್ಲೂ ಸೊನ್ನೆ. "ಹಿಂಗಾದ್ರೆ ನಂಗೆ ಒಳ್ಳೇದೇ ಬಿಡಪ್ಪ" ಅಂದ್ರು ಸಾಹುಕಾರ್ರು.

ಎರಡನೇದು ದುಡ್ಡು ತಿಂತು. ಅರ್ಧ ಚೀಲವೂ ಬರುತ್ತಲ್ಲ ಅಂತ ಪೇರೆಂಟಲ್ಲಿ ಚೀಲದ ಸಂಖ್ಯೆ ಡಬಲ್ (ದಶಾಂಶವೂ ಹಿಡಿಯೋ ಟೈಪು) ಇತ್ತು, ಚೆರ್ರಿಯಲ್ಲಿ ಕೈತಪ್ಪಿ ಇಂಟ್ (ಪೂರ್ಣ ಸಂಖ್ಯೆ ಮಾತ್ರ) ಬರ್ದಿದ್ದೆ. ಅದು ಓವರ್‌ಲೋಡ್ ಆಯ್ತು, ಅಂದ್ರೆ ಅದೇ ಹೆಸರಿನ ಇನ್ನೊಂದು ಮೆಥಡ್, ಓವರ್‌ರೈಡ್ ಆಗ್ಲಿಲ್ಲ. ಒಂದೊಂದೇ ಸರಕಿನ ಬಿಲ್ ಹಾಕೋ ಲೂಪಲ್ಲಿ ವೇರಿಯಬಲ್ ಟೈಪು ಸರಕು, ಹಾಗಾಗಿ ಕಂಪೈಲರ್ (ಓಡಿಸೋ ಮೊದ್ಲು ಕೋಡ್ ನೋಡೋ ಸಾಧನ) ತಕರಾರೇ ಇಲ್ದೆ ಪೇರೆಂಟಿನ ಚೀಲದ ದರಕ್ಕೆ ಬಿಲ್ ಹೊಡೀತು. ಆ ದರ ಇಟ್ಟಿದ್ದು 28 ಓಟಿಗೆ, ಬಂದ ಚೆರ್ರಿ 26. ಒಂದು ಓಟಿಗೆ ಹತ್ರ ಹತ್ರ 340 ರೂಪಾಯಿ, 40 ಚೀಲ, ಅಂದ್ರೆ 27 ಸಾವಿರ ಜಾಸ್ತಿ ಕೊಟ್ಟಾಗಿತ್ತು! ಬೆಳೆಗಾರರು ಮುಂದಿನ ಲೋಡಲ್ಲಿ ಹಿಡ್ಕೊಳ್ಳಿ ಅಂದಿದ್ದಕ್ಕೆ ಬಚಾವ್, ಆದ್ರೂ ನನ್ನ ದುಡ್ಡಲ್ಲಿ 5 ಸಾವಿರ ಕಟ್.

ಇದು ನಿಜಕ್ಕೂ ಓವರ್‌ರೈಡ್ ಹೌದಾ ಅಂತ ಕಂಪೈಲರ್ ನೋಡ್ಲಿ ಅಂತ ಮೆಥಡ್ ಮೇಲೆ ಹಾಕೋ ಗುರುತು, ಅಟ್ ಓವರ್‌ರೈಡ್ ಅನೋಟೇಶನ್, 2004ರ ಜಾವಾ 5ರಿಂದ ಇದೆ, ನಾನೇ ಅದನ್ನ ಅಲಂಕಾರ ಅಂದ್ಕೊಂಡಿದ್ದೆ. ಹಾಕಿದ ಕೂಡ್ಲೇ ಆ ಇಂಟ್ ಸಾಲಿಗೆ ಕೆಂಪು ಗೆರೆ ಬಿತ್ತು. ಆಮೇಲೆ ಪೇರೆಂಟಿನ ಬೆಲೆಯನ್ನೇ ಆಬ್‌ಸ್ಟ್ರಾಕ್ಟ್ ಮಾಡ್ದೆ, ಅಂದ್ರೆ ಅಲ್ಲಿ ಹೆಸರಷ್ಟೇ, ಲೆಕ್ಕ ಆಯಾ ಸರಕಿನ ಕ್ಲಾಸೇ ಬರೀಬೇಕು, ಬರೆಯೋಕೆ ಮರೆತ್ರೆ ಈಗ ಕಂಪೈಲೇ ಆಗಲ್ಲ.

ಮಧ್ಯೆ ಜುಲೈ ಮಳೇಲಿ ಕರೆಂಟಿಲ್ದಾಗ ಲ್ಯಾಪ್‌ಟಾಪ್ ಬ್ಯಾಟರಿ ಇರೋಷ್ಟು ಹೊತ್ತು ಪೈಥಾನ್ ಅನ್ನೋ ಇನ್ನೊಂದು ಭಾಷೇಲೂ ಬರ್ದು ನೋಡ್ದೆ. ಅಲ್ಲಿ ಹೆಸರು ಒಂದೇ ಇದ್ರೆ ಸಾಕು, ಪೇರೆಂಟಿಂದು ಮುಚ್ಚಿಹೋಗುತ್ತೆ, ಆರ್ಗ್ಯುಮೆಂಟ್ (ಮೆಥಡ್‌ಗೆ ಕೊಡೋ ಮಾಹಿತಿ) ತಪ್ಪಿದ್ರೆ ಗೊತ್ತಾಗೋದು ಓಡಿಸಿದಾಗ್ಲೇ, ಅಂದ್ರೆ ಬೆಳೆಗಾರ ಎದುರಿಗೆ ಕೂತಾಗ. ಬೇಡಪ್ಪ ಅಂತ ಬಿಟ್ಟೆ. ತೇವಾಂಶಕ್ಕೆ ಮಾಡೋ ಕಡಿತ ಯಾವ ಕ್ಲಾಸಲ್ಲಿ ಇಟ್ಟೆ ಅನ್ನೋದನ್ನ ಮಾತ್ರ ಹೇಳಲ್ಲ, ಅದು ನನ್ನ ಅನ್ನ.

ಹೋದ ಸೀಸನ್ ಸಾಹುಕಾರ್ರು ಬೆಣ್ಣೆಹಣ್ಣೂ ತಗೊಳ್ಳೋಕೆ ಶುರು ಮಾಡಿದ್ರು. ಒಂದು ಹೊಸ ಕ್ಲಾಸು, ಮೂವತ್ತು ಸಾಲು ಇರಬಹುದು, ಬಿಲ್ ಲೂಪ್ ಮುಟ್ಲೇ ಇಲ್ಲ, ಸಂಜೆ ಕಾಫಿಯೊಳಗೆ ಕೆಲಸ ಮುಗೀತು, 4 ಸಾವಿರ ಕೈಗೆ ಬಂತು. ಗೆಳೆಯ ಈಗ ಅವನ ಆಫೀಸಿನ ಇಫ್-ಎಲ್ಸ್ ಫೈಲ್ ಕಳಿಸಿದ್ದಾನೆ, ಸಾವಿರದ ಚಿಲ್ಲರೆ ಸಾಲಿದೆ, ರೇಟ್ ಹೇಳು ಅಂತಿದ್ದಾನೆ.