ಮನೆಗೆಲಸದ ಅಕ್ಕನಿಗೆ ಹಳೆ ಸೀರೆಗಿಂತ ಮೊದಲು ಇವು

ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಯಾದಗಿರಿ ಕಡೆಯವರು. ಬೆಂಗಳೂರಿಗೆ ಬಂದು ಆರು ವರ್ಷ. ಕಾರ್ಮಿಕರಿಗೆ ಕೇಂದ್ರ ಸರ್ಕಾರ ಕೊಡುವ ಇ-ಶ್ರಮ್ ಕಾರ್ಡ್ ಮಾಡಿಸೋಣ ಅಂತ ಒಂದು ಸಂಜೆ ಮೊಬೈಲ್ ಹಿಡಿದು ಕೂತೆವು. ಎಷ್ಟು ಕಾದರೂ ಒಟಿಪಿ ಬರಲಿಲ್ಲ. ಆಧಾರ್‌ಗೆ ಕೊಟ್ಟ ನಂಬರ್ ಊರಲ್ಲಿರುವ ತಮ್ಮನದಂತೆ!

ಹಾಗಾಗಿ ಮೊದಲು ಆಧಾರ್‌ಗೆ ಅವರದೇ ನಂಬರ್ ಸೇರಿಸಬೇಕು. ಆಧಾರ್ ಕೇಂದ್ರದಲ್ಲಿ ಮಾಡಿಸುವುದಾದರೆ ಅವರೇ ಹೋಗಬೇಕಾಗುತ್ತದೆ. ಅದಕ್ಕೆ ಸಂಬಳ ಹಿಡಿಯದೆ ಅರ್ಧ ದಿನ ರಜೆ ಕೊಡಿ.

ಆಮೇಲೆ ಇ-ಶ್ರಮ್. 2021ರ ಆಗಸ್ಟ್‌ನಲ್ಲಿ ಶುರುವಾದ ನೋಂದಣಿ ಇದು. 16ರಿಂದ 59 ವರ್ಷದೊಳಗಿನ, ಪಿಎಫ್, ಇಎಸ್‌ಐ ಇಲ್ಲದ ಅಸಂಘಟಿತ ಕಾರ್ಮಿಕರಿಗೆ. ಆಧಾರ್, ಬ್ಯಾಂಕ್ ಖಾತೆ ಇದ್ದರೆ ಸಾಕು. 12 ಅಂಕಿಯ ನಂಬರ್ ಸಿಗುತ್ತದೆ. ವೃತ್ತಿ ಕೇಳಿದಲ್ಲಿ ಮನೆಗೆಲಸ ಅಂತಲೇ ಹಾಕಿಸಿ.

ರೇಷನ್ ಕಾರ್ಡ್ ಊರಿನದು ಅಂತ ಸುಮ್ನೆ ರೇಷನ್ ಬಿಟ್ಟವರು ಜಾಸ್ತಿ. ಆ ಕಾರ್ಡ್‌ನಲ್ಲೇ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದು. ಆ ತಿಂಗಳದ್ದನ್ನು ಊರಲ್ಲಿ ಯಾರೂ ಎತ್ತಿಲ್ಲ ತಾನೆ, ಕೇಳಿಕೊಳ್ಳಿ. ಪಾತ್ರೆ ತಿಕ್ಕಿ ತಿಕ್ಕಿ ಹೆಬ್ಬೆರಳಿನ ಗೆರೆ ಸವೆದಿರುತ್ತದೆ, ಮಷಿನ್ ಒಪ್ಪುವುದಿಲ್ಲ. ಬೇರೆ ಬೆರಳು ಒತ್ತಿ ನೋಡಲು ಹೇಳಿ.

ಇನ್ನು ಸಂಬಳ. ಕರ್ನಾಟಕದಲ್ಲಿ 2004ರಲ್ಲೇ ಮನೆಗೆಲಸ ಕನಿಷ್ಠ ವೇತನದ ಪಟ್ಟಿಗೆ ಸೇರಿದೆ. 'ಪಕ್ಕದ ಮನೆಯವರು ಕೊಡೋದೇ ಇಷ್ಟು' ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಒಂದು ಹಾಳೆಯಲ್ಲಿ ಕೆಲಸ, ಗಂಟೆ, ಸಂಬಳ, ವಾರದ ರಜೆ, ವರ್ಷಕ್ಕೆ ಎಷ್ಟು ಏರಿಸುತ್ತೀರಿ ಎಲ್ಲ ಕನ್ನಡದಲ್ಲಿ ಬರೆಯಿರಿ. ಎರಡು ಪ್ರತಿ ಮಾಡಿ, ಒಂದು ಅವರ ಕೈಗೆ.

ಅಜ್ಜಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಇರುವವರ ಕಷ್ಟ ಬೇರೆ. ರಾತ್ರಿ ನಾಲ್ಕು ಸಲ ಎದ್ದು ಬಾತ್‌ರೂಮಿಗೆ ಕರೆದೊಯ್ದವರಿಗೆ ಬೆಳಿಗ್ಗೆ ಆರಕ್ಕೇ ಕಾಫಿ ಮಾಡು ಅನ್ನುವುದು ಅನ್ಯಾಯ ಅಲ್ವಾ? ಮಲಗಲು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಜಾಗ ಕೊಡಿ. ಏಜೆನ್ಸಿ ಮೂಲಕ ಬಂದಿದ್ದರೆ, ನೀವು ಕೊಟ್ಟದ್ದರಲ್ಲಿ ಅವರ ಕೈಗೆ ಎಷ್ಟು ಸೇರುತ್ತದೆ ಎಂದು ಅವರನ್ನೇ ಕೇಳಿ.

ಯಾವುದೇ ಮನೆಯಲ್ಲಿ ಯಾರಾದರೂ ಮೈಮುಟ್ಟಿ ಕಿರುಕುಳ ಕೊಟ್ಟರೆ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181 ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ.

ಹೋದ ವಾರ ಅಕ್ಕನ ಫೋನಿಗೇ ಒಟಿಪಿ ಬಂತು. 'ಎಷ್ಟು, ಹೇಳಿ' ಅಂದೆ. 'ಯಾರಿಗೂ ಹೇಳಬ್ಯಾಡ ಅಂತಾರಲ್ರೀ' ಅಂತ ನಕ್ಕು, ನನ್ನ ಕೈಯಿಂದ ಮೊಬೈಲ್ ಇಸಿದುಕೊಂಡು ತಾವೇ ಒತ್ತಿದರು.