ಸದ್ದಿಲ್ಲದೆ ತಪ್ಪುವ ಕೋಡ್‌ಗೆ ಅಸರ್ಟ್ ಕಾವಲು

ಮಷೀನ್ ಲರ್ನಿಂಗ್ ಕೋಡ್ ತಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಗಂಟೆಗಟ್ಟಲೆ ಓಡಿ, ಸುಮಾರಾದ ಫಲಿತಾಂಶವೊಂದನ್ನು ಕೊಟ್ಟು ಮುಗಿಯಬಲ್ಲದು. ದೋಷ ಡೇಟಾದ್ದೋ, ಅದರಿಂದ ಕಲಿಯುವ ಮಾಡೆಲ್‌ನದ್ದೋ, ಕೋಡ್‌ನದ್ದೋ ಎಂಬುದು ಆಗ ತಿಳಿಯುವುದಿಲ್ಲ. ಪೈಥಾನ್ ಭಾಷೆಯ ‘ಅಸರ್ಟ್’ (assert) ಆದೇಶ ಇದಕ್ಕೆ ಒಳ್ಳೆಯ ಮದ್ದು. ಈ ಸಾಲಿನಲ್ಲಿ ಇಂಥದ್ದು ನಿಜವಾಗಿರಲೇಬೇಕು ಎಂದು ಬರೆದಿಟ್ಟರೆ, ಅದು ಸುಳ್ಳಾದ ಕ್ಷಣವೇ ಪ್ರೋಗ್ರಾಂ ನಿಂತು ಜಾಗವನ್ನು ತೋರಿಸುತ್ತದೆ.

ಮೊದಲು ಡೇಟಾವನ್ನು ಪರೀಕ್ಷಿಸಿ. ಕೈಬರಹದ ಅಂಕಿಗಳ ‘ಎಂನಿಸ್ಟ್’ ಸಂಗ್ರಹವನ್ನು ತೆಗೆದುಕೊಂಡರೆ, ತರಬೇತಿಗೆ 28×28 ಅಳತೆಯ 60,000 ಚಿತ್ರಗಳಿರಬೇಕು, ಲೇಬಲ್‌ಗಳು (ಪ್ರತಿ ಚಿತ್ರದ ಸರಿಯುತ್ತರಗಳು) 0ಯಿಂದ 9ರೊಳಗಿರಬೇಕು. ಪಿಕ್ಸೆಲ್‌ಗಳನ್ನು 255ರಿಂದ ಭಾಗಿಸಿದ ಮೇಲೆ ಗರಿಷ್ಠ ಮೌಲ್ಯ 1ನ್ನು ಮೀರಿಲ್ಲ ಎಂದಷ್ಟೇ ನೋಡಿದರೆ ಸಾಲದು, ಏಕೆಂದರೆ ಕೈತಪ್ಪಿ ಎರಡು ಸಲ ಭಾಗಿಸಿದ್ದರೂ ಆ ಪರೀಕ್ಷೆ ಪಾಸಾಗುತ್ತದೆ. ಇಡೀ ಸಂಗ್ರಹದ ಗರಿಷ್ಠ ಮೌಲ್ಯ 1 ಆಗಿಯೇ ಇರಬೇಕೆಂದು ಬರೆಯಿರಿ.

ಮುಂದಿನದು ಅರೇಗಳ, ಅಂದರೆ ಸಂಖ್ಯೆಗಳ ಪಟ್ಟಿ ಅಥವಾ ಕೋಷ್ಟಕಗಳ, ಆಕಾರ. ನನ್ನ ಮಟ್ಟಿಗೆ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ. ಮಾಡೆಲ್‌ನ ಊಹೆಗಳು 32 ಸಾಲು, 1 ಕಂಬದ ಅರೇ ಆಗಿದ್ದು, ನಿಜವಾದ ಉತ್ತರಗಳು ಬರೀ 32 ಸಂಖ್ಯೆಗಳ ಪಟ್ಟಿಯಾಗಿದ್ದರೆ, ಪೈಥಾನ್‌ನ ಲೆಕ್ಕದ ಲೈಬ್ರರಿ ನಮ್‌ಪೈ ಅವೆರಡನ್ನು ಕಳೆಯುವಾಗ ಎರಡನ್ನೂ ಹಿಗ್ಗಿಸಿ 32×32ರ ಅರೇ ಕೊಡುತ್ತದೆ. 32 ವ್ಯತ್ಯಾಸಗಳ ಬದಲು 1,024 ವ್ಯತ್ಯಾಸಗಳ ಸರಾಸರಿ ‘ಲಾಸ್’ (ಮಾಡೆಲ್ ಎಷ್ಟು ತಪ್ಪಿದೆ ಎಂಬ ಅಳತೆ) ಆಗಿ ಬರುತ್ತದೆ. ಪ್ರತಿ ಊಹೆಯನ್ನೂ ಎಲ್ಲ ಉತ್ತರಗಳಿಗೂ ಹೋಲಿಸಿದಂತಾಗುವುದರಿಂದ ಮಾಡೆಲ್ ಎಲ್ಲಕ್ಕೂ ಸರಾಸರಿಯನ್ನೇ ಹೇಳುವುದನ್ನು ಕಲಿಯುತ್ತದೆ, ಆದರೆ ದೋಷದ ಸಂದೇಶ ಒಂದೂ ಬರುವುದಿಲ್ಲ. ಕಳೆಯುವ ಸಾಲಿಗೆ ಮುಂಚೆ ಎರಡರ ಆಕಾರವೂ ಒಂದೇ ಎಂದು ಅಸರ್ಟ್ ಹಾಕಿ, ವಿಫಲವಾದರೆ ಎರಡೂ ಆಕಾರಗಳನ್ನು ಮುದ್ರಿಸುವ ಸಂದೇಶವನ್ನೂ ಸೇರಿಸಿ.

ತರಬೇತಿಗೆ ಮುಂಚಿನ ಲಾಸ್ ಕೂಡ ಬಹಳಷ್ಟನ್ನು ಹೇಳುತ್ತದೆ. ಹತ್ತು ವರ್ಗಗಳ ನಡುವೆ ಇನ್ನೂ ಏನೂ ಕಲಿಯದ ಮಾಡೆಲ್‌ನ ಕ್ರಾಸ್ ಎಂಟ್ರೊಪಿ (ವರ್ಗ ಗುರುತಿಸುವ ಕೆಲಸಕ್ಕೆ ಬಳಸುವ ಲಾಸ್) 10ರ ಸ್ವಾಭಾವಿಕ ಲಾಗರಿದಮ್, ಅಂದರೆ 2.3ರ ಆಸುಪಾಸಿನಲ್ಲಿರಬೇಕು, ಬಹಳ ದೂರವಿದ್ದರೆ ಆರಂಭಿಕ ತೂಕಗಳನ್ನೋ (ಮಾಡೆಲ್ ಕಲಿಯುತ್ತಾ ಬದಲಿಸುವ ಸಂಖ್ಯೆಗಳು) ಲಾಸ್‌ನ ಲೆಕ್ಕವನ್ನೋ ಶಂಕಿಸಿ. ಒಂದು ಹೆಜ್ಜೆ ತರಬೇತಿಯ ನಂತರ ಲಾಸ್ ಸೀಮಿತ ಸಂಖ್ಯೆಯಾಗಿದೆಯೇ, ಪ್ರತಿ ಪದರದ ತೂಕಗಳೂ ಬದಲಾಗಿವೆಯೇ ಎಂದು ನೋಡಿ.

ದಶಾಂಶ ಸಂಖ್ಯೆಗಳನ್ನು ನೇರ ಸಮಚಿಹ್ನೆಯಿಂದ ಹೋಲಿಸದೆ ಸಣ್ಣ ಅಂತರಕ್ಕೆ ಎಡೆ ಕೊಡಿ. ಷರತ್ತನ್ನೂ ಸಂದೇಶವನ್ನೂ ಒಂದೇ ಆವರಣದೊಳಗೆ ಬರೆಯಬೇಡಿ: ಪೈಥಾನ್ ಅದನ್ನು ಖಾಲಿಯಲ್ಲದ ಟ್ಯೂಪಲ್ (ಮೌಲ್ಯಗಳ ಗುಂಪು) ಎಂದು ಓದಿ ಸದಾ ನಿಜವೆಂದೇ ಪರಿಗಣಿಸುವುದರಿಂದ ಅಂಥ ಅಸರ್ಟ್ ಎಂದೂ ವಿಫಲವಾಗುವುದಿಲ್ಲ.