ಕರಗಿಸಿದ ಮೇಲೆ ಎಣಿಸಿದ್ದು

2020ರ ಮಾರ್ಚ್‌ವರೆಗೆ ನಮ್ಮ ಲ್ಯಾಬಿನಲ್ಲಿ ದಾನಿಯ, ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು ಹೆಪ್ಪುಗಟ್ಟಿಸಿ ಇಡುವ ಪ್ರಸಂಗವೇ ಬಂದಿರಲಿಲ್ಲ. ಬೆಳಿಗ್ಗೆ ದಾನಿ, ರಕ್ತದಿಂದ ಬೇಕಾದ ಕೋಶಗಳನ್ನಷ್ಟೇ ಬೇರ್ಪಡಿಸುವ ಅಫೆರೆಸಿಸ್ ಯಂತ್ರದ ಪಕ್ಕ ಮಲಗಿದರೆ, ಸಂಜೆಯ ಹೊತ್ತಿಗೆ ಆ ಚೀಲ ರೋಗಿಗೆ ಹೋಗಿರುತ್ತಿತ್ತು. ನಡುವೆ ನನ್ನ ಕೆಲಸ ಎರಡು ಗಂಟೆಯದ್ದು. ಚೀಲದಲ್ಲಿ ಎಷ್ಟು ಸ್ಟೆಮ್ ಸೆಲ್ ಇವೆ ಎಂದು ಎಣಿಸಬೇಕು, ಬದುಕಿವೆಯೇ ಎಂದು ನೋಡಬೇಕು, ಚೀಟಿ ಅಂಟಿಸಿ ವಾರ್ಡಿಗೆ ಕಳಿಸಬೇಕು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮೂಳೆಮಜ್ಜೆ ಕಸಿಗಾಗಿ ನಾನು ಇದನ್ನು ವರ್ಷಗಟ್ಟಲೆ ಮಾಡುತ್ತಾ ಬಂದಿದ್ದೆ.

ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನ ರೋಗಿಗಳಿಗೆ ಅವರದೇ ಕೋಶಗಳನ್ನು ವಾಪಸ್ ಕೊಡುವಾಗಲೂ ನಾವು ಹೆಪ್ಪುಗಟ್ಟಿಸುತ್ತಿರಲಿಲ್ಲ. ಬ್ಲಡ್ ಬ್ಯಾಂಕಿನ 4 ಡಿಗ್ರಿ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇಟ್ಟರೆ ಸಾಕು. ಕೋಶ ವಾಪಸ್ ಕೊಡುವ ಮೊದಲು ಅವರಿಗೆ ಕೊಡುವ ಮೆಲ್ಫಲಾನ್ ಔಷಧ ಒಂದು ದಿನದೊಳಗೆ ಮೈಯಿಂದ ಹೊರಟುಹೋಗುತ್ತದೆ, ಹಾಗಾಗಿ ಹೆಚ್ಚು ದಿನ ಕಾಯಬೇಕಿಲ್ಲ. ನಮ್ಮ ದೇಶದ ಎಷ್ಟೋ ಕೇಂದ್ರಗಳು ಹೀಗೇ ಮಾಡುತ್ತವೆ. ಖರ್ಚೂ ಕಡಿಮೆ, ಫಲಿತಾಂಶವೂ ಚೆನ್ನಾಗಿದೆ.

ಆದರೆ ಲ್ಯುಕೇಮಿಯಾಕ್ಕೆ, ಅಂದರೆ ರಕ್ತದ ಕ್ಯಾನ್ಸರಿಗೆ, ಅಣ್ಣ ತಮ್ಮಂದಿರ ಕೋಶ ಕೊಡುವಾಗ ಲೆಕ್ಕ ಬೇರೆ. ಮೊದಲು ರೋಗಿಯ ಮೂಳೆಮಜ್ಜೆಯನ್ನು ಔಷಧ ಕೊಟ್ಟು ಖಾಲಿ ಮಾಡಬೇಕು. ಕಂಡೀಷನಿಂಗ್ ಅಂತ ಕರೆಯುತ್ತೇವೆ. ಅದಕ್ಕೆ ಸುಮಾರು ಒಂದು ವಾರ ಬೇಕು. ಆ ವಾರ ಶುರುವಾದರೆ ಹಿಂದಕ್ಕೆ ದಾರಿ ಇಲ್ಲ. ಮಜ್ಜೆ ಹೋಗಿರುತ್ತದೆ, ದಾನಿಯ ಕೋಶ ಬಂದೇ ಬರಬೇಕು. ಲಾಕ್‌ಡೌನ್ ಬಂದಾಗ ನಮ್ಮೆಲ್ಲರ ಎದೆಯಲ್ಲಿ ಕೂತ ಪ್ರಶ್ನೆ ಇದೇ. ರೋಗಿಯ ಮಜ್ಜೆ ಖಾಲಿಯಾದ ಮೇಲೆ ದಾನಿಗೆ ಕೋವಿಡ್ ಬಂದರೆ ಏನು ಗತಿ?

ಅಮೆರಿಕದ ದಾನಿಗಳ ನೋಂದಣಿ ಸಂಸ್ಥೆ ಎನ್‌ಎಂಡಿಪಿ ಆ ಮಾರ್ಚ್‌ನಲ್ಲೇ ಹೇಳಿತ್ತು: ಮೊದಲು ದಾನಿಯ ಕೋಶ ತೆಗೆದು ಹೆಪ್ಪುಗಟ್ಟಿಸಿಕೊಳ್ಳಿ, ಆಮೇಲೆ ಕಂಡೀಷನಿಂಗ್ ಶುರುಮಾಡಿ. ನಮ್ಮ ಡಾಕ್ಟರೂ ಅದೇ ನಿರ್ಧಾರಕ್ಕೆ ಬಂದರು. ವಾರ್ಡಿನಲ್ಲಿ ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳಿದ್ದರು. ಎಎಂಎಲ್, ವೇಗವಾಗಿ ಬೆಳೆಯುವ ಒಂದು ಲ್ಯುಕೇಮಿಯಾ. ಕೀಮೋದಿಂದ ಕಾಯಿಲೆ ಹಿಡಿತಕ್ಕೆ ಬಂದಿತ್ತು, ಆದರೆ ಬಹಳ ದಿನ ಹಾಗೇ ಇರುತ್ತದೆ ಎನ್ನುವ ಭರವಸೆ ಇರಲಿಲ್ಲ. ಮೂವರು ಒಡಹುಟ್ಟಿದವರಲ್ಲಿ ಕಿರಿಯ ತಮ್ಮನ ಅಂಗಾಂಶದ ಗುರುತು, ಅಂದರೆ ಎಚ್‌ಎಲ್‌ಎ ಪೂರ್ತಿ ಹೊಂದಿತ್ತು. ಒಡಹುಟ್ಟಿದ ಒಬ್ಬೊಬ್ಬರದು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಕಾಯುತ್ತಾ ಕೂರುವ ಹಾಗಿರಲಿಲ್ಲ. "ಎರಡು ವಾರ ಟೈಮ್ ಕೊಡ್ತೀನಿ, ಹೆಪ್ಪುಗಟ್ಟಿಸೋದನ್ನ ಕಲಿತು ತೋರಿಸಿ" ಎಂದರು ಸರ್.

ನಮ್ಮಲ್ಲಿ ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಸುವ ಪ್ರೋಗ್ರಾಂ ಫ್ರೀಝರ್ ಇರಲಿಲ್ಲ. ಇದ್ದದ್ದು ಮೈನಸ್ 80 ಡಿಗ್ರಿಯ ಮಾಮೂಲಿ ಫ್ರೀಝರ್, ಮತ್ತು ಪಕ್ಕದ ವಿಭಾಗದವರ ದ್ರವ ಸಾರಜನಕದ ಟ್ಯಾಂಕ್. ಇಷ್ಟರಲ್ಲೇ ಮಾಡುವ ದಾರಿಯನ್ನು 1980ರ ದಶಕದಲ್ಲೇ ಅಮೆರಿಕದ ಪ್ಯಾಟ್ರಿಕ್ ಸ್ಟಿಫ್ ಮತ್ತು ಸಂಗಡಿಗರು ತೋರಿಸಿದ್ದರು. ಡಿಎಂಎಸ್ಒ ಎಂಬ ದ್ರವ ಶೇ 5, ಜೊತೆಗೆ ಹೈಡ್ರಾಕ್ಸಿ ಈಥೈಲ್ ಸ್ಟಾರ್ಚ್, ಆಲ್ಬುಮಿನ್. ಚೀಲವನ್ನು ತೆಳ್ಳಗೆ ಚಪ್ಪಟೆಯಾಗಿ ಲೋಹದ ತಗಡಿನ ಡಬ್ಬಿಯಲ್ಲಿಟ್ಟು ಸೀದಾ ಮೈನಸ್ 80ಕ್ಕೆ ಹಾಕುವುದು. ಲ್ಯಾಬಿನವರ ಬಾಯಲ್ಲಿ ಇದು ಡಂಪ್ ಫ್ರೀಝಿಂಗ್.

ಡಿಎಂಎಸ್ಒ ಇಲ್ಲದೆ ಕೋಶ ಹೆಪ್ಪುಗಟ್ಟಿಸಿದರೆ ನೀರು ಚೂಪು ಹರಳಾಗಿ ಕೋಶವನ್ನು ಹರಿದುಹಾಕುತ್ತದೆ. ಇದು ಕೋಶದೊಳಗೆ ಹೊಕ್ಕು ಹರಳು ಕಟ್ಟುವುದನ್ನು ತಡೆಯುತ್ತದೆ. ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ಮತ್ತು ಬಿಷಪ್ 1959ರಲ್ಲಿ ಇದನ್ನು ತೋರಿಸಿಕೊಟ್ಟರು. ಭೂಮಿಯೇ ಒಂದು ಜೀವಿಯಂತೆ ಎಂದು ಮುಂದೆ ಹೇಳಿದ ಲವ್‌ಲಾಕ್ ಅವರೇ. ಆದರೆ ಕಾಪಾಡುವ ಈ ದ್ರವವೇ ಬೆಚ್ಚಗಿರುವ ಕೋಶಕ್ಕೆ ವಿಷ. ಓದಿ ತಿಳಿದಿದ್ದೆ. ಕೈಗೆ ತಿಳಿಯಲು ಆಮೇಲೆ ದಿನಗಳೇ ಬೇಕಾದವು.

ದಾನಿಯ ಕೋಶದ ಮೇಲೆ ಪ್ರಯೋಗ ಮಾಡುವಂತಿಲ್ಲ ಅಲ್ವಾ? ಹಾಗಾಗಿ ಬ್ಲಡ್ ಬ್ಯಾಂಕಿನಲ್ಲಿ ಅನುಮತಿ ಪಡೆದು, ಬಿಸಾಡಬೇಕಿದ್ದ ಬಫಿ ಕೋಟ್ ತಂದೆ. ರಕ್ತವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಕೆಂಪು ಕಣ ಮತ್ತು ಪ್ಲಾಸ್ಮಾದ ನಡುವೆ ನಿಲ್ಲುವ ಬಿಳಿ ಕಣಗಳ ಪದರ ಅದು. ಮೊದಲ ಸಲ ಹೆಪ್ಪುಗಟ್ಟಿಸಿ, ಮರುದಿನ ಕರಗಿಸಿ, ಟ್ರಿಪಾನ್ ಬ್ಲೂ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಸತ್ತ ಕೋಶ ನೀಲಿ ಹೀರಿಕೊಳ್ಳುತ್ತದೆ, ಬದುಕಿದ್ದು ಹೀರುವುದಿಲ್ಲ. ನನ್ನ ಕಣ್ಣ ಮುಂದೆ ಅರ್ಧಕ್ಕಿಂತ ಜಾಸ್ತಿ ನೀಲಿ.

ಎಲ್ಲಿ ತಪ್ಪಿತು ಎಂದು ಹಂತ ಹಂತವಾಗಿ ಹಿಂದೆ ಹೋದೆ. ಡಿಎಂಎಸ್ಒ ನೀರಿಗೆ ಸೇರಿದರೆ ಬಿಸಿಯಾಗುತ್ತದೆ. ನಾನು ಬಾಟಲಿಯಿಂದ ನೇರವಾಗಿ, ಕೋಣೆಯ ಶಾಖದಲ್ಲಿ, ಕೋಶಗಳಿದ್ದ ಚೀಲಕ್ಕೇ ಹಾಕಿದ್ದೆ. ಆ ಬಿಸಿ ಕೋಶದ ಮೈಮೇಲೆಯೇ ಹುಟ್ಟಿತ್ತು. ಮುಂದಿನ ಸಲ ಡಿಎಂಎಸ್ಒವನ್ನು ಮೊದಲು ಆಲ್ಬುಮಿನ್ ಮತ್ತು ಸ್ಟಾರ್ಚ್ ದ್ರಾವಣಕ್ಕೆ ಸೇರಿಸಿ ಫ್ರಿಜ್ಜಿನಲ್ಲಿಟ್ಟೆ. ಚೀಲವನ್ನು ಐಸ್ ಪ್ಯಾಕ್ ಮೇಲೆ ಮಲಗಿಸಿದೆ. ತಣ್ಣಗಾದ ದ್ರಾವಣವನ್ನು ಸಿರಿಂಜಿನಿಂದ ನಿಧಾನವಾಗಿ, ಚೀಲವನ್ನು ಅಲುಗಿಸುತ್ತಾ ಸೇರಿಸಿದೆ. ಸೇರಿಸಿದ ಮೇಲೆ ಮಾತ್ರ ಅವಸರ. ಒಂದು ನಿಮಿಷವೂ ಸುಮ್ನೆ ಇಡದೆ ಫ್ರೀಝರಿಗೆ. ಹೀಗೆ ಮಾಡಿದ್ದರಲ್ಲಿ ನೀಲಿ ಕೋಶಗಳು ಅಲ್ಲೊಂದು ಇಲ್ಲೊಂದು. ಆಮೇಲೂ ನಾಲ್ಕು ಸಲ ಮಾಡಿದೆ. ಒಂದೇ ಸಲ ಸರಿ ಬಂದದ್ದನ್ನು ನಂಬಿ ಒಬ್ಬರ ಮಜ್ಜೆ ಖಾಲಿ ಮಾಡಲು ಆಗುವುದಿಲ್ಲ.

ಅಷ್ಟರಲ್ಲಿ ತಮ್ಮ ಪಾಸ್ ಮಾಡಿಸಿಕೊಂಡು ಗಾಡಿಯಲ್ಲಿ ಬಂದಿದ್ದ. ಜಿ-ಸಿಎಸ್‌ಎಫ್ ಇಂಜೆಕ್ಷನ್ ದಿನವೂ ತಗೊಳ್ಳುತ್ತಿದ್ದ, ಮೈತೂಕದ ಕೆಜಿಗೆ 10 ಮೈಕ್ರೋಗ್ರಾಂ ಲೆಕ್ಕದಲ್ಲಿ. ಮಜ್ಜೆಯಲ್ಲಿ ಕೂತಿರುವ ಸ್ಟೆಮ್ ಸೆಲ್‌ಗಳು ಇದರಿಂದ ರಕ್ತಕ್ಕೆ ಇಳಿಯುತ್ತವೆ. ಸೊಂಟ, ಬೆನ್ನು ನೋಯುತ್ತವೆ. ಐದನೇ ದಿನ ಯಂತ್ರದ ಪಕ್ಕ ಬಂದು ಕೂತವನು ಮೊದಲು ಕೇಳಿದ್ದು, "ಮೇಡಂ, ಬೆನ್ನಹುರಿಗೆ ಸೂಜಿ ಹಾಕ್ತಾರಂತಲ್ರಿ? ಆಮ್ಯಾಲೆ ಭಾರ ಎತ್ತಾಕ ಆಗೂದಿಲ್ಲ ಅಂತಾರ ಊರಾಗ."

"ಇಲ್ಲಪ್ಪ, ಎರಡು ಕೈಗೆ ಒಂದೊಂದು ಸೂಜಿ ಅಷ್ಟೆ. ಒಂದು ಕೈಯಿಂದ ರಕ್ತ ಬರುತ್ತೆ. ಯಂತ್ರ ತನಗೆ ಬೇಕಾದ್ದು ತಗೊಂಡು ಉಳಿದದ್ದನ್ನ ಇನ್ನೊಂದು ಕೈಗೆ ವಾಪಸ್ ಕೊಡುತ್ತೆ. ಬೆನ್ನಹುರಿ ಯಾರೂ ಮುಟ್ಟಲ್ಲ."

"ಅಕ್ಕ ಉಳಿತಾಳೇನ್ರಿ?"

ಅದಕ್ಕೆ ಉತ್ತರ ಕೊಡುವುದು ನನ್ನ ಕೆಲಸವಲ್ಲ. ಡಾಕ್ಟರನ್ನು ಕೇಳು ಎಂದೆ. ನಿನ್ನಿಂದ ಬಂದದ್ದನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿದೆ. ರಕ್ತ ಹೆಪ್ಪುಗಟ್ಟದಿರಲು ಯಂತ್ರದಲ್ಲಿ ಬಳಸುವ ಸಿಟ್ರೇಟ್ ದಾನಿಯ ಕ್ಯಾಲ್ಸಿಯಂ ಇಳಿಸುತ್ತದೆ. ಎರಡು ಗಂಟೆ ಕಳೆಯುತ್ತಿದ್ದಂತೆ ಅವನ ತುಟಿ ಜುಮುಗುಟ್ಟತೊಡಗಿತು. ಕ್ಯಾಲ್ಸಿಯಂ ಕೊಟ್ಟ ಮೇಲೆ ಸರಿಹೋಯಿತು. ನಾಲ್ಕೂವರೆ ಗಂಟೆ ಅಲುಗಾಡದೆ ಮಲಗಿದ್ದ.

ಎಣಿಕೆ ಹೇಗೆ ಎಂದು ಹೇಳುತ್ತೇನೆ. ಸ್ಟೆಮ್ ಸೆಲ್‌ನ ಮೈಮೇಲೆ ಸಿಡಿ34 ಎನ್ನುವ ಗುರುತು ಇರುತ್ತದೆ. ಕರ್ಟ್ ಸಿವಿನ್ ಮತ್ತು ಸಂಗಡಿಗರು 1984ರಲ್ಲಿ ಇದನ್ನು ಗುರುತಿಸಿದರು. ಹೊಳೆಯುವ ಬಣ್ಣ ಕಟ್ಟಿದ ಆಂಟಿಬಾಡಿ ಹಾಕಿ ಫ್ಲೋ ಸೈಟೋಮೀಟರಿನಲ್ಲಿ ಓಡಿಸಿದರೆ ಕೋಶಗಳು ಒಂದೊಂದಾಗಿ ಲೇಸರ್ ಮುಂದೆ ಹಾದುಹೋಗುತ್ತವೆ. ಪರದೆಯ ಮೇಲೆ ಸಾವಿರಾರು ಚುಕ್ಕೆ. ಅದರಲ್ಲಿ ಯಾವ ಗುಂಪು ನಮ್ಮದು ಎಂದು ಗೆರೆ ಎಳೆಯಬೇಕು. ಗೆರೆ ಎಲ್ಲಿ ಎಳೆಯಬೇಕು ಎಂಬ ಒಪ್ಪಿತ ನಿಯಮ 1996ರಲ್ಲಿ ಬಂತು, ಇಶೇಜ್ ವಿಧಾನ ಅಂತ. ಹೊಸಬರು ಇಲ್ಲೇ ಎಡವುತ್ತಾರೆ. ಸ್ವಲ್ಪ ಉದಾರವಾಗಿ ಎಳೆದರೆ ಸತ್ತ ಕೋಶ, ಒಡೆದ ಚೂರು ಎಲ್ಲ ಒಳಗೆ ಬಂದು ಸಂಖ್ಯೆ ಚೆನ್ನಾಗಿ ಕಾಣುತ್ತದೆ.

ಆ ದಿನ ಚೀಲ 250 ಎಂಎಲ್. ಒಂದು ಮೈಕ್ರೋಲೀಟರಿಗೆ 1500 ಸಿಡಿ34. ಅಂದರೆ ಚೀಲದಲ್ಲಿ ಒಟ್ಟು 37 ಕೋಟಿ 50 ಲಕ್ಷ. ಅಕ್ಕನ ತೂಕ 62 ಕೆಜಿ. ಭಾಗಿಸಿದರೆ ಕೆಜಿಗೆ 60 ಲಕ್ಷ. ಕನಿಷ್ಠ 20 ಲಕ್ಷ ಬೇಕು, ಸಾಮಾನ್ಯವಾಗಿ 50 ಲಕ್ಷದ ಗುರಿ ಇಟ್ಟುಕೊಳ್ಳುತ್ತೇವೆ. ಹಳೆಯ ಕ್ರಮದಲ್ಲಿ ಆಗಿದ್ದರೆ ನನ್ನ ಕೆಲಸ ಇಲ್ಲಿಗೆ ಮುಗಿಯುತ್ತಿತ್ತು.

ಹೆಪ್ಪುಗಟ್ಟಿಸುವಾಗ ಈ ಸಂಖ್ಯೆಯನ್ನು ನಂಬಬಾರದು. ಇಷ್ಟು ಹೇಳಲಿಕ್ಕೇ ಈ ಬರಹ. ಈ 60 ಲಕ್ಷ ಫ್ರೀಝರಿಗೆ ಹೋದ ಕೋಶಗಳ ಲೆಕ್ಕ. ರೋಗಿಗೆ ಬೇಕಾದ್ದು ಅಲ್ಲಿಂದ ಬದುಕಿ ಹೊರಬಂದವುಗಳ ಲೆಕ್ಕ. ಅದಕ್ಕೇ ಚೀಲಗಳ ಜೊತೆ ಅದೇ ಕೋಶ, ಅದೇ ದ್ರಾವಣ ತುಂಬಿದ ಮೂರು ಪುಟ್ಟ ಸೀಸೆಗಳನ್ನೂ ಹೆಪ್ಪುಗಟ್ಟಿಸಿದೆ. ಕಂಡೀಷನಿಂಗ್ ಶುರುಮಾಡುವ ಮೊದಲು ಒಂದನ್ನು ಕರಗಿಸಿ ಎಣಿಸಲೇಬೇಕು ಎಂದು ಹಟ ಹಿಡಿದೆ. ಡಾಕ್ಟರು ಒಪ್ಪಿದರು. ಫಲಿತಾಂಶ ಬರುವವರೆಗೆ ತಮ್ಮನೂ ಬೆಂಗಳೂರಿನಲ್ಲೇ ಇರಬೇಕೆಂದು ಹೇಳಿ, ಆಸ್ಪತ್ರೆ ಪಕ್ಕದಲ್ಲೇ ಉಳಿಸಿಕೊಂಡರು.

ನಾಲ್ಕು ದಿನದ ಮೇಲೆ ಮೊದಲ ಸೀಸೆ ತೆಗೆದೆ. ಅಂದು ಸೈಟೋಮೀಟರ್ ಬೇರೆ ಸ್ಯಾಂಪಲ್ ಓಡಿಸುತ್ತಿತ್ತು. ಇನ್ನೇನು ಮುಗಿಯುತ್ತದೆ ಎಂದುಕೊಂಡು ನಾನು ಕರಗಿಸಿಬಿಟ್ಟೆ. ಅದು ಮುಗಿದು ಯಂತ್ರ ತೊಳೆಯುವ ಹೊತ್ತಿಗೆ ಅರ್ಧ ಗಂಟೆ. ಸೀಸೆ ಮೇಜಿನ ಮೇಲೆಯೇ ಇತ್ತು. ಸತ್ತ ಕೋಶದೊಳಗೆ ಹೊಕ್ಕು ಹೊಳೆಯುವ ಬಣ್ಣ 7-ಎಎಡಿ. ಅದನ್ನು ಹಾಕಿ ಓಡಿಸಿದೆ. ಸಿಡಿ34 ಕೋಶಗಳಲ್ಲಿ ಬದುಕಿದ್ದವು ಅರ್ಧಕ್ಕೂ ಕಡಿಮೆ.

ನನ್ನ ಕೈಕಾಲು ತಣ್ಣಗಾದವು. ಲ್ಯಾಬಿನ ಮೇಡಂ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ, ಮೇಜಿನ ಮೇಲಿಟ್ಟ ಅರ್ಧ ಗಂಟೆಯನ್ನೂ ಸೇರಿಸಿ. ಅವರು ಬೈಯಲಿಲ್ಲ. "ಕರಗಿದ ಮೇಲೆ ಡಿಎಂಎಸ್ಒ ಜೊತೆ ಬೆಚ್ಚಗೆ ಕೂತಿದ್ದವು, ಸಾಯದೆ ಏನು ಮಾಡ್ತಾವೆ? ಇನ್ನೊಂದು ತೆಗಿ. ಮೊದಲು ಯಂತ್ರ ರೆಡಿ ಮಾಡ್ಕೋ, ಬಣ್ಣ ಹಾಕಿ ಟ್ಯೂಬ್ ಇಟ್ಕೋ, ಆಮೇಲೆ ಕರಗಿಸು" ಎಂದರು. ಎರಡನೆಯದನ್ನು ಹಾಗೇ ಮಾಡಿದೆ. 37 ಡಿಗ್ರಿ ನೀರಿನಲ್ಲಿ ಅಲುಗಿಸುತ್ತಾ, ಕೊನೆಯ ಐಸ್ ಚೂರು ಕರಗುವ ಹೊತ್ತಿಗೆ ಹೊರತೆಗೆದು, ತಣ್ಣನೆಯ ಆಲ್ಬುಮಿನ್‌ನಲ್ಲಿ ತೆಳ್ಳಗೆ ಮಾಡಿ, ಕೂಡಲೇ ಓಡಿಸಿದೆ. ಬದುಕಿದ್ದ ಸಿಡಿ34 ಕೆಜಿಗೆ 46 ಲಕ್ಷ. ಪುಟ್ಟ ಸೀಸೆ ಮತ್ತು ದೊಡ್ಡ ಚೀಲ ಒಂದೇ ವೇಗದಲ್ಲಿ ತಣ್ಣಗಾಗುವುದಿಲ್ಲ. ಸಾಮಾನ್ಯವಾಗಿ ಚೀಲದಲ್ಲಿ ಇನ್ನೂ ಜಾಸ್ತಿ ಉಳಿದಿರುತ್ತವೆ. ಡಾಕ್ಟರು ಎರಡೂ ವರದಿಗಳನ್ನು ಮುಂದಿಟ್ಟುಕೊಂಡು ನೋಡಿದರು. ಮಾರನೇ ದಿನ ಕಂಡೀಷನಿಂಗ್ ಶುರುವಾಯಿತು.

ಈ ಚಿಕಿತ್ಸೆಯ ಹಿಂದೆ ಎಷ್ಟು ಸೋಲುಗಳಿವೆ ಎಂದು ಆ ವಾರದಲ್ಲಿ ಮತ್ತೆ ಮತ್ತೆ ನೆನಪಾಯಿತು. ಅಮೆರಿಕದ ವೈದ್ಯ ಡೊನಾಲ್ ಥಾಮಸ್ 1957ರಲ್ಲಿ ಆರು ಮಂದಿಗೆ ಮಜ್ಜೆ ಕೊಟ್ಟ ವರದಿ ಪ್ರಕಟಿಸಿದರು. ಯಾರೂ ಹೆಚ್ಚು ದಿನ ಉಳಿಯಲಿಲ್ಲ. ಅವರು ನಾಯಿಗಳ ಮೇಲಿನ ಪ್ರಯೋಗಕ್ಕೆ ಹಿಂದಿರುಗಿ, ವರ್ಷಗಟ್ಟಲೆ ದುಡಿದು, ಮತ್ತೆ ರೋಗಿಗಳ ಹತ್ತಿರ ಬಂದರು. 1990ರಲ್ಲಿ ನೊಬೆಲ್ ಬಂತು. ಅವರ ಹೆಂಡತಿ ಡಾಟಿ ಲ್ಯಾಬ್ ಕೆಲಸದಲ್ಲಿ ಉದ್ದಕ್ಕೂ ಜೊತೆಗಿದ್ದರು. ಲ್ಯಾಬಿನಲ್ಲಿ ಕೂತು ಕೆಲಸ ಮಾಡುವ ನನಗೆ ಅವರ ಹೆಸರೇ ಹೆಚ್ಚು ಹತ್ತಿರ. ನಮ್ಮ ದೇಶದಲ್ಲಿ ಮೊದಲ ಮಜ್ಜೆ ಕಸಿ ಆದದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ.

ಕಸಿಯ ದಿನ ನಾನೇ ಸಾರಜನಕದ ಡಬ್ಬ ಹಿಡಿದು ವಾರ್ಡಿಗೆ ಹೋದೆ. ಒಂದೊಂದೇ ಚೀಲ ಹಾಸಿಗೆಯ ಪಕ್ಕದಲ್ಲೇ ಕರಗಿಸಿದೆವು. ಒಡೆದರೆ ಪೋಲಾಗದಿರಲಿ ಎಂದು ಪ್ರತಿ ಚೀಲಕ್ಕೂ ಹೊರಗೊಂದು ಸ್ವಚ್ಛ ಕವರ್ ಹಾಕಿದ್ದೆವು. ಒಂದು ಪೂರ್ತಿ ಹೋದ ಮೇಲೇ ಇನ್ನೊಂದು ಕರಗಿಸುವುದು. ಮೇಜಿನ ಮೇಲೆ ಕಾಯುವ ಚೀಲ ಇರಲೇಬಾರದು. ಡಿಎಂಎಸ್ಒ ರೋಗಿಯ ಉಸಿರಿನಲ್ಲಿ ಹೊರಬರುತ್ತದೆ, ಬೆಳ್ಳುಳ್ಳಿ ಅಥವಾ ಬೇಯಿಸಿದ ಮೆಕ್ಕೆಜೋಳದ ತರಹ ವಾಸನೆ. ನರ್ಸ್ ಆ ಮಾತು ಹೇಳಿದಾಗ ಆಕೆ ಕಣ್ಣು ಬಿಟ್ಟು, "ನಮ್ಮ ಹೊಲದಾಗ ಗೋವಿನಜೋಳಾನ ಬೆಳೀತೀವ್ರಿ ಅಕ್ಕಾರ" ಎಂದರು.

ಆಮೇಲೆ ಕಾಯುವ ದಿನಗಳು. ದಿನವೂ ಬೆಳಿಗ್ಗೆ ಮೊದಲು ಅವರ ಬಿಳಿ ಕಣದ ಕೌಂಟ್ ನೋಡುತ್ತಿದ್ದೆ, ಸಾವಿರದ ಲೆಕ್ಕದಲ್ಲಿ. 0.1. ಮತ್ತೆ 0.1. ಬಾಯಿ ತುಂಬ ಹುಣ್ಣು, ಜ್ವರ, ಪ್ಲೇಟ್‌ಲೆಟ್ ಮೇಲೆ ಪ್ಲೇಟ್‌ಲೆಟ್. ಹೆಪ್ಪುಗಟ್ಟಿಸಿದ ಕೋಶ ಚಿಗುರಲು ಒಂದೆರಡು ದಿನ ತಡವಾಗಬಹುದು ಎಂದು ಓದಿದ್ದರೂ ಹದಿನೈದನೇ ದಿನ ನನಗೆ ನಿದ್ದೆ ಬರಲಿಲ್ಲ. ಹದಿನೇಳನೇ ದಿನ ಸೋಂಕಿನೊಡನೆ ಹೋರಾಡುವ ಬಿಳಿ ಕಣ ನ್ಯೂಟ್ರೋಫಿಲ್ ಮೈಕ್ರೋಲೀಟರಿಗೆ 500 ದಾಟಿತು. ಸತತ ಮೂರು ದಿನ ಹಾಗೇ ನಿಂತರೆ ಮಾತ್ರ ಕೋಶ ಬೇರೂರಿದೆ ಎನ್ನುತ್ತೇವೆ. ನಿಂತಿತು.

ರಕ್ತದ ಕೋಶಗಳು ದಾನಿಯವೇ ಎಂದು ನೋಡುವ ಮೂವತ್ತನೇ ದಿನದ ಕೈಮೆರಿಸಂ ಪರೀಕ್ಷೆಯಲ್ಲಿ ಅಕ್ಕನ ರಕ್ತದ ಕೋಶಗಳಲ್ಲಿ ತಮ್ಮನ ಗಂಡು ಕ್ರೋಮೋಸೋಮ್ ಜೋಡಿ ಎಕ್ಸ್‌ವೈ ಕಂಡಿತು. ಚರ್ಮದ ಮೇಲೆ ಸ್ವಲ್ಪ ಜಿವಿಎಚ್‌ಡಿ ಬಂತು. ದಾನಿಯ ಪ್ರತಿರೋಧ ಕೋಶಗಳು ಹೊಸ ಮೈಯನ್ನು ಪರಕೀಯ ಎಂದು ತಿಳಿದು ಹೊಡೆಯುವುದು ಅದು. ಔಷಧಕ್ಕೆ ತಗ್ಗಿತು. ಅದೇ ಕೋಶಗಳು ಅಡಗಿ ಕೂತ ಲ್ಯುಕೇಮಿಯಾ ಕೋಶಗಳನ್ನೂ ಹುಡುಕಿ ಕೊಲ್ಲುತ್ತವೆ. ಕಸಿಯ ನಿಜವಾದ ಬಲ ಇದರಲ್ಲೇ ಇದೆ ಎಂದು ನನ್ನ ನಂಬಿಕೆ. 1990ರಲ್ಲಿ ಜರ್ಮನಿಯ ಹಾನ್ಸ್ ಯೋಚೆಮ್ ಕೋಲ್ಬ್ ಮತ್ತು ಸಂಗಡಿಗರು ಕಸಿಯ ನಂತರ ಮರುಕಳಿಸಿದ ಸಿಎಂಎಲ್ (ನಿಧಾನವಾಗಿ ಬೆಳೆಯುವ ಒಂದು ಲ್ಯುಕೇಮಿಯಾ) ರೋಗಿಗಳಿಗೆ ಮೂಲ ದಾನಿಯ ಬಿಳಿ ಕಣ ಕೊಟ್ಟು, ಕಾಯಿಲೆ ಮತ್ತೆ ಹಿಂದೆ ಸರಿದದ್ದನ್ನು ತೋರಿಸಿದರು.

ಹಾಗಾಗಿ ಆ ದಿನದ ಕೋಶಗಳಲ್ಲಿ ಸ್ವಲ್ಪವನ್ನು ಪುಟ್ಟ ಪುಟ್ಟ ಚೀಲಗಳಲ್ಲಿ ಬೇರೆಯೇ ಎತ್ತಿಟ್ಟಿದ್ದೆ. ಕಾಯಿಲೆ ಮರುಕಳಿಸಿದರೆ ಬೇಕಾಗುತ್ತವೆ ಎಂದು. ಟ್ಯಾಂಕಿನ ಸಾರಜನಕ ಆವಿಯಾಗುತ್ತಲೇ ಇರುತ್ತದೆ, ಪ್ರತಿ ಸೋಮವಾರ ಅಳತೆ ನೋಡಿ ತುಂಬಿಸಬೇಕು. ತುಂಬಿಸುವಾಗ ಮೂರನೇ ಅರೆಯಲ್ಲಿರುವ ಆ ಚೀಲಗಳ ಚೀಟಿಯನ್ನು ಒಮ್ಮೆ ಓದುತ್ತೇನೆ. ಅವುಗಳನ್ನು ಹೊರತೆಗೆಯುವ ಪ್ರಸಂಗ ಇನ್ನೂ ಬಂದಿಲ್ಲ.